ಅಬಕಾರಿ ಆದಾಯ, ಗಾಂಜಾ ಅಪರಾಧ: ಕರ್ನಾಟಕದ ಅಮಲು ನೀತಿಯ ಎರಡು ಅಳತೆಗೋಲು

ಸಂವಿಧಾನದ 47ನೇ ವಿಧಿ ಮದ್ಯವನ್ನೂ ಮಾದಕ ವಸ್ತುವನ್ನೂ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ಔಷಧಕ್ಕೆ ಬೇಕಾದಷ್ಟನ್ನು ಬಿಟ್ಟು, ಅಮಲೇರಿಸುವ ಪಾನೀಯಗಳ ಮತ್ತು ಆರೋಗ್ಯಕ್ಕೆ ಕೆಡುಕಾದ ಮಾದಕ ವಸ್ತುಗಳ ಸೇವನೆಯನ್ನು ನಿಷೇಧಿಸಲು ರಾಜ್ಯ ಶ್ರಮಿಸಬೇಕು ಎಂಬುದು ಅದರ ತಾತ್ಪರ್ಯ. ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 51ನೇ ನಮೂದಿನಲ್ಲೂ ಇವೆರಡು ಅಕ್ಕಪಕ್ಕದಲ್ಲೇ ಇವೆ: ಮನುಷ್ಯರು ಕುಡಿಯುವ ಮದ್ಯದ ಮೇಲೂ, ಅಫೀಮು ಗಾಂಜಾಗಳ ಮೇಲೂ ಅಬಕಾರಿ ಸುಂಕ ಹಾಕುವ ಅಧಿಕಾರ ರಾಜ್ಯದ್ದು. ತೊಡೆದುಹಾಕಬೇಕಾದ ಕೇಡು ಎಂದು ಹೇಳುವಾಗಲೂ ಸುಂಕ ತರುವ ಸರಕು ಎಂದು ಹೇಳುವಾಗಲೂ ಸಂವಿಧಾನ ಇವೆರಡನ್ನು ಬೇರೆ ಮಾಡಲಿಲ್ಲ. ಬೇರೆ ಮಾಡಿದ್ದು ಆಮೇಲೆ ಬಂದ ಶಾಸನ. ಇವತ್ತು ಕರ್ನಾಟಕದಲ್ಲಿ ಒಂದನ್ನು ಮಾರುವವನಿಗೆ ಸರ್ಕಾರವೇ ಸನ್ನದು ಕೊಡುತ್ತದೆ. ಇನ್ನೊಂದನ್ನು ಮಾರುವವನಿಗೆ, ತೂಕ ಹೆಚ್ಚಿದ್ದರೆ, ಹತ್ತರಿಂದ ಇಪ್ಪತ್ತು ವರ್ಷ ಕಠಿಣ ಸಜೆ.

ಈ ಅಂತರ ನಮಗೆ ಸಹಜವಾಗಿಬಿಟ್ಟಿದೆ. ವೈನ್ ಸ್ಟೋರ್ ಮಾಲೀಕ ಊರಿನ ವ್ಯಾಪಾರಿ, ಜಾತ್ರೆ ಉತ್ಸವಕ್ಕೆ ಕೈಯೆತ್ತಿ ಕೊಡುವ ದಾನಿ. ಗಾಂಜಾ ಮಾರುವವನು ಸಮಾಜಘಾತುಕ. ಎರಡರ ಹಾನಿಯನ್ನೂ ತೂಗಿ ನೋಡಿ ಈ ಗೆರೆ ಎಳೆದಿದ್ದರೆ ಒಪ್ಪಬಹುದಿತ್ತು. ದಾಖಲೆಗಳನ್ನು ಓದುತ್ತ ಹೋದಂತೆ ಕಾಣುವುದು ಬೇರೆಯೇ. ಒಂದು ಕಡೆ ಬೊಕ್ಕಸದ ಅಗತ್ಯ, ಇನ್ನೊಂದು ಕಡೆ ಅಂತರರಾಷ್ಟ್ರೀಯ ಒಪ್ಪಂದದ ಒತ್ತಡ, ಇವೆರಡು ಸೇರಿ ಎಳೆದ ಗೆರೆ ಇದು. ಒಳಿತು ಕೆಡುಕಿನ ಮಾತು ಹಿಂದಿನಿಂದ ಬಂದು ಅದರ ಮೇಲೆ ಕೂತಿದೆ. ಇದರ ಬೆಲೆ ತೆರುತ್ತಿರುವವರು ಇಬ್ಬರು: ಅಳತೆ ಮೀರಿದ ಶಿಕ್ಷೆಗೆ ಸಿಕ್ಕುವ ಸಣ್ಣ ಬೆಳೆಗಾರ, ಸಾಗಣೆಯಾಳು ಒಬ್ಬರಾದರೆ, ತಮ್ಮ ನಷ್ಟ ಯಾವ ಲೆಕ್ಕದ ಪುಸ್ತಕಕ್ಕೂ ಏರದ ಕುಡುಕರ ಮನೆಯವರು ಇನ್ನೊಬ್ಬರು.

ವಿಚಾರಿಸಿದ ಆಯೋಗ, ವಿಚಾರಿಸದ ಶಾಸನ

ಬ್ರಿಟಿಷ್ ಸಂಸತ್ತಿನಲ್ಲಿ ಎದ್ದ ಪ್ರಶ್ನೆಯ ಫಲವಾಗಿ 1893ರಲ್ಲಿ ನೇಮಕವಾದ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗ 1,193 ಸಾಕ್ಷಿಗಳನ್ನು ವಿಚಾರಿಸಿ, ಮರುವರ್ಷ ಏಳು ಸಂಪುಟಗಳ ವರದಿ ಕೊಟ್ಟಿತು. ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬ ನಂಬಿಕೆಯನ್ನು ಅದು ಪರೀಕ್ಷಿಸಿದ ಬಗೆ ಇಂದಿಗೂ ಮಾದರಿ. 1892ರಲ್ಲಿ ಹುಚ್ಚಾಸ್ಪತ್ರೆಗಳಿಗೆ ಸೇರಿದ 1,344 ಮಂದಿಯಲ್ಲಿ 222 ಮಂದಿಯ ಕಾಯಿಲೆಗೆ ಗಾಂಜಾ, ಚರಸ್, ಭಂಗಿಗಳೇ ಕಾರಣ ಎಂದು ಆಸ್ಪತ್ರೆಯ ದಾಖಲೆ ಹೇಳುತ್ತಿತ್ತು. ಆಯೋಗ ಆ ಪ್ರಕರಣಗಳನ್ನು ಒಂದೊಂದಾಗಿ ತೆಗೆದು, ರೋಗಿಯ ಊರು ಮನೆಯವರೆಗೆ ವಿಚಾರಣೆ ಮಾಡಿಸಿತು. ರೋಗಿಯನ್ನು ಕರೆತಂದ ಪೊಲೀಸರು ಕಾರಣದ ಕಾಲಮಿನಲ್ಲಿ ಏನಾದರೊಂದು ಬರೆಯಬೇಕಿತ್ತು. ಗಾಂಜಾ ಎಂದು ಬರೆಯುವುದು ಸುಲಭವಾಗಿತ್ತು. ಕೊನೆಗೆ ಉಳಿದದ್ದು 98 ಪ್ರಕರಣ. ಅದರಲ್ಲೂ ಬೇರೆ ಯಾವ ಕಾರಣವೂ ಬೆರೆಯದೆ ಗಾಂಜಾ ಒಂದನ್ನೇ ಹೊಣೆ ಮಾಡಬಹುದಾದವು 61. ಮಿತಿಯಲ್ಲಿ ಬಳಸಿದರೆ ಸಾಮಾನ್ಯವಾಗಿ ಹಾನಿಯಿಲ್ಲ, ಅತಿಯಾದರೆ ಹಾನಿ ಖಂಡಿತ, ಪೂರ್ತಿ ನಿಷೇಧಿಸಿದರೆ ಜನ ಮದ್ಯಕ್ಕೋ ಇನ್ನೂ ಕೆಟ್ಟ ಪದಾರ್ಥಕ್ಕೋ ತಿರುಗುವ ಅಪಾಯವಿದೆ, ಆದ್ದರಿಂದ ಸುಂಕ ಮತ್ತು ಸನ್ನದಿನಿಂದ ಹತೋಟಿಯಲ್ಲಿಡುವುದೇ ಲೇಸು ಎಂದು ಅದು ತೀರ್ಮಾನಿಸಿತು. ಸುಂಕದ ಆಸೆ ಇದ್ದ ಸರ್ಕಾರದ ಆಯೋಗ ಅದು ಎಂಬುದನ್ನು ಮರೆಯಬೇಕಿಲ್ಲ. ಆದರೂ ಅದರ ವಿಚಾರಣೆಯ ಕ್ರಮವನ್ನು ತಳ್ಳಿಹಾಕಲು ಬರುವುದಿಲ್ಲ.

ಸಂವಿಧಾನ ಸಭೆಯಲ್ಲೂ ಚರ್ಚೆ ನಡೆದಿತ್ತು. 1948ರ ನವೆಂಬರ್ 24ರಂದು ಜೈಪಾಲ್ ಸಿಂಗ್ ಮುಂಡಾ ಆದಿವಾಸಿಗಳ ಪರವಾಗಿ ಎದ್ದುನಿಂತು, ತಮ್ಮ ಜನರ ಅಕ್ಕಿಯ ಮದ್ಯ ಪೂಜೆಗೂ ಗದ್ದೆ ಕೆಲಸಕ್ಕೂ ಸೇರಿದ್ದು, ಅದನ್ನು ನಿಷೇಧಿಸುವುದು ಧರ್ಮದ ವಿಷಯದಲ್ಲಿ ಕೈಹಾಕಿದಂತೆ ಎಂದು ವಾದಿಸಿದರು. ಅಮಲಿನ ಪದಾರ್ಥಕ್ಕೂ ಪೂಜೆಗೂ ನಂಟು ಇರುವುದು ಕರ್ನಾಟಕಕ್ಕೂ ಹೊಸದಲ್ಲ. ಉತ್ತರ ಕರ್ನಾಟಕದ ಕೆಲವು ಅವಧೂತ ಪರಂಪರೆಗಳಲ್ಲಿ ಗಾಂಜಾ ಸೇದುವುದು ಸಾಧನೆಯ ಭಾಗವಾಗಿಯೇ ಉಳಿದುಬಂದಿದೆ.

ಆ ವಿಚಾರಣೆಗೂ ಚರ್ಚೆಗೂ ಹೋಲಿಸಿದರೆ ಇಂದಿನ ಕಾನೂನು ಹುಟ್ಟಿದ ರೀತಿ ಬಹಳ ಅವಸರದ್ದು. ಮಾದಕ ವಸ್ತುಗಳ ಕುರಿತ 1961ರ ವಿಶ್ವಸಂಸ್ಥೆಯ ಒಪ್ಪಂದ ಗಾಂಜಾವನ್ನು ಹೆರಾಯಿನ್ನಿನ ಸಾಲಿನಲ್ಲಿ ಕೂರಿಸಿತು. ಮದ್ಯವನ್ನು ಮುಟ್ಟಲೇ ಇಲ್ಲ. ಗಿಡದ ಎಲೆಯನ್ನು ಆ ಒಪ್ಪಂದದ ವ್ಯಾಖ್ಯೆ ಹೊರಗಿಟ್ಟಿದ್ದರಿಂದ ಎಲೆಯಿಂದ ಮಾಡುವ ಭಂಗಿ ಉಳಿಯಿತು. ಸಾಂಪ್ರದಾಯಿಕ ಬಳಕೆಯನ್ನು ನಿಲ್ಲಿಸಲು 25 ವರ್ಷದ ಗಡುವೂ ಇತ್ತು. ಗಡುವು ಹತ್ತಿರವಾದಾಗ, 1985ರ ಆಗಸ್ಟ್ 23ರಂದು ಮಂಡನೆಯಾದ ಮಾದಕ ವಸ್ತು ಮತ್ತು ಮನೋಪರಿಣಾಮಕ ವಸ್ತುಗಳ (ಎನ್‌ಡಿಪಿಎಸ್) ಮಸೂದೆ ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿಯ ಅಂಕಿತ ಪಡೆದು, ನವೆಂಬರ್ 14ರಿಂದ ಜಾರಿಗೆ ಬಂತು. 1894ರ ವರದಿಗೆ ಉತ್ತರ ಕೊಡುವಂಥ ಅಧ್ಯಯನಕ್ಕೆ ಇಷ್ಟು ಸಮಯ ಎಲ್ಲಿ ಸಾಲುತ್ತದೆ? ಮುಂದೆ 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು ಅದೇ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ನಾಲ್ಕನೇ ಪಟ್ಟಿಯಿಂದ ತೆಗೆಯುವ ಪ್ರಸ್ತಾಪ 27–25 ಮತಗಳಿಂದ ಗೆದ್ದಾಗ ಭಾರತ ಪರವಾಗಿ ಮತ ಹಾಕಿತು. ದೇಶದ ಕಾನೂನು ಮಾತ್ರ ಇದ್ದಲ್ಲೇ ಇದೆ.

ರಾಜ್ಯವೇ ವ್ಯಾಪಾರಿ

ಮದ್ಯದ ಕಡೆ ನಡೆದದ್ದು ತದ್ವಿರುದ್ಧ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ಇಲ್ಲಿ ನಿಧಾನವಾಗಿ ಓದಬೇಕು. ಕುಡಿಯುವ ಮದ್ಯ ಸ್ವಭಾವತಃ ಹಾನಿಕರ. ಆದ್ದರಿಂದ ಅದರ ವ್ಯಾಪಾರ ಮಾಡುವ ಮೂಲಭೂತ ಹಕ್ಕು ಯಾವ ಪ್ರಜೆಗೂ ಇಲ್ಲ. ಆದರೆ ರಾಜ್ಯ ಬಯಸಿದರೆ ಆ ವ್ಯಾಪಾರದ ಏಕಸ್ವಾಮ್ಯವನ್ನು ತಾನೇ ಇಟ್ಟುಕೊಳ್ಳಬಹುದು, ಇಲ್ಲವೇ ಸನ್ನದಿನ ಮೂಲಕ ಬೇರೆಯವರಿಗೆ ಬಿಟ್ಟುಕೊಡಬಹುದು ಎಂದು ನ್ಯಾಯಾಲಯ ಹೇಳಿತು. ಪದಾರ್ಥ ಕೆಟ್ಟದ್ದು ಎಂಬ ಕಾರಣಕ್ಕೆ ಪ್ರಜೆಯ ಹಕ್ಕು ಹೋಯಿತು, ಅದೇ ಕಾರಣಕ್ಕೆ ರಾಜ್ಯದ ಹಕ್ಕು ಗಟ್ಟಿಯಾಯಿತು. ಕಾನೂನಿನ ತರ್ಕವಾಗಿ ಇದು ನಿಲ್ಲಬಹುದು. ನೀತಿಯ ತರ್ಕವಾಗಿ ಇದು ನಿಲ್ಲಬೇಕಾದರೆ, ಹಾನಿಕರವೆಂದು ತಿಳಿದೂ ಮಾರುವವನ ಹೊಣೆಯನ್ನೂ ರಾಜ್ಯ ಹೊರಬೇಕು. ಆ ಮಾತು ತೀರ್ಪಿನ ಆಚೆಗೇ ಉಳಿಯಿತು.

2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋ ಮೂಲಕವೇ ರಾಜ್ಯದ ಸನ್ನದು ಅಂಗಡಿಗಳಿಗೆ ವಿಸ್ಕಿ, ರಮ್, ಬಿಯರ್ ಹೋಗುತ್ತವೆ. ಎಂಎಸ್‌ಐಎಲ್ ಎಂಬ ಸರ್ಕಾರಿ ಸಂಸ್ಥೆ ಚಿಲ್ಲರೆ ಅಂಗಡಿಗಳನ್ನೂ ನಡೆಸುತ್ತದೆ. ಕುಡಿತ ಬಿಡಿ ಎಂದು ಪ್ರಚಾರ ಮಾಡುವ ಮದ್ಯಪಾನ ಸಂಯಮ ಮಂಡಳಿಯೂ ಇದೇ ಸರ್ಕಾರದ್ದು. ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ಪೂರ್ತಿಯಾಗಿ ಉಳಿದ ಕೆಲವೇ ತೆರಿಗೆಗಳಲ್ಲಿ ಮದ್ಯದ ಸುಂಕ ಒಂದು. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಇಲಾಖೆಗೆ ಇದು ಮುಟ್ಟಬೇಕಾದ ‘ಗುರಿ’. ಗುರಿ ಮುಟ್ಟದಿದ್ದರೆ ಅಧಿಕಾರಿ ವಿವರಣೆ ಕೊಡಬೇಕು.

ಮದ್ಯದ ಒಳಗೂ ಎರಡು ಅಳತೆಗೋಲುಗಳಿವೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಹೆಣ್ಣುಮಕ್ಕಳು ವರ್ಷಾನುಗಟ್ಟಲೆ ಹೋರಾಡಿ ಪಡೆದದ್ದು ಅದು, ಅದರ ಗೌರವ ಅವರದು. ಆದರೆ ಕೂಲಿಯವರ ಪಾಕೆಟ್ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಪೌಚು ಬಂತು. ಅದರ ಮೇಲೆ ನಿಗಮದ ಮುದ್ರೆ ಇತ್ತು, ಅಷ್ಟೇ ವ್ಯತ್ಯಾಸ. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಬಡವನ ಅಮಲನ್ನು ಮಾತ್ರ ಅಪರಾಧ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದಾರುಣ ಸಾಕ್ಷ್ಯ ಬೇಕಿಲ್ಲ.

ತೂಕದ ಪ್ರಶ್ನೆ

ಎನ್‌ಡಿಪಿಎಸ್ ಕಾಯ್ದೆಯಲ್ಲಿ 2001ರ ತಿದ್ದುಪಡಿಯ ನಂತರ ಶಿಕ್ಷೆ ನಿಂತಿರುವುದು ತಕ್ಕಡಿಯ ಮೇಲೆ. ಗಾಂಜಾ ಒಂದು ಕಿಲೋವರೆಗೆ ‘ಅಲ್ಪ ಪ್ರಮಾಣ’, ಒಂದು ವರ್ಷದವರೆಗೆ ಸಜೆ. 20 ಕಿಲೋ ದಾಟಿದರೆ ‘ವಾಣಿಜ್ಯ ಪ್ರಮಾಣ’, ಕನಿಷ್ಠ ಹತ್ತು ವರ್ಷ. ನಡುವಿನದಕ್ಕೆ ಹತ್ತು ವರ್ಷದವರೆಗೆ. ವಾಣಿಜ್ಯ ಪ್ರಮಾಣವಾದರೆ 37ನೇ ಕಲಮಿನ ಪ್ರಕಾರ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ ಎಂದು ನ್ಯಾಯಾಧೀಶರಿಗೆ ಮೊದಲೇ ಮನವರಿಕೆಯಾಗದ ಹೊರತು ಜಾಮೀನಿಲ್ಲ. ಕೊಲೆ ಆರೋಪಿಗೂ ಇಲ್ಲದ ಷರತ್ತು ಇದು.

ಹಾಗಾದರೆ ಏನನ್ನು ತೂಗುತ್ತಾರೆ? ಕಾಯ್ದೆಯ ವ್ಯಾಖ್ಯೆಯಂತೆ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯ ಜೊತೆ ಸೇರಿರದ ಎಲೆ, ಬೀಜ ಗಾಂಜಾ ಅಲ್ಲ. ಹೊಲದಲ್ಲಿ ದಾಳಿ ನಡೆದಾಗ ಆಗುವುದೇ ಬೇರೆ. ಹತ್ತಿ, ತೊಗರಿ, ಮೆಕ್ಕೆಜೋಳದ ಸಾಲಿನ ನಡುವೆ ಬೆಳೆದ ಗಿಡಗಳನ್ನು ಕಿತ್ತು, ಬೇರು, ಕಾಂಡ, ಎಲೆ, ನೀರಿನಂಶ ಎಲ್ಲ ಸೇರಿಸಿ ತೂಗಿ, ‘ಇಷ್ಟು ಕಿಲೋ ಹಸಿ ಗಾಂಜಾ’ ಎಂದು ಪಂಚನಾಮೆ ಬರೆಯುವುದು ರೂಢಿ. ಮರುದಿನ ಪತ್ರಿಕೆಯಲ್ಲಿ ಬರುವುದೂ ಅದೇ ಅಂಕಿ. ಒಣಗಿಸಿ, ತುದಿ ಬೇರೆ ಮಾಡಿದರೆ ಆ ಅಂಕಿ ಎಷ್ಟಕ್ಕೆ ಇಳಿಯುತ್ತದೆ ಎಂದು ಬೆಳೆಗಾರನ ವಕೀಲ ಕೇಳುವಷ್ಟರಲ್ಲಿ ಆತ ತಿಂಗಳುಗಟ್ಟಲೆ ಜೈಲಿನಲ್ಲಿ ಕಳೆದಿರುತ್ತಾನೆ. ಬೆಳೆಯುವ ಅಪರಾಧಕ್ಕಂತೂ ತೂಕದ ಮೆಟ್ಟಿಲೂ ಇಲ್ಲ: ಗಿಡ ಒಂದಿರಲಿ ನೂರಿರಲಿ, ಹತ್ತು ವರ್ಷದವರೆಗೆ ಸಜೆ ಆಗಬಹುದು.

2022ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದ ಜಾಮೀನು ಅರ್ಜಿಯೊಂದರಲ್ಲಿ ಪೊಲೀಸರು ವಶಪಡಿಸಿಕೊಂಡಿದ್ದು 29 ಕಿಲೋ ಭಂಗಿ ಮತ್ತು 400 ಗ್ರಾಂ ಗಾಂಜಾ. ಉತ್ತರ ಭಾರತದ ಲಸ್ಸಿ ಅಂಗಡಿಗಳಲ್ಲಿ ಭಂಗಿ ಬಹಿರಂಗವಾಗಿಯೇ ಮಾರಾಟವಾಗುತ್ತದೆ, ಅದನ್ನು ಗಾಂಜಾದಿಂದಲೇ ಮಾಡಿದ್ದೆಂದು ತೋರಿಸುವ ಆಧಾರ ಇಲ್ಲ ಎಂದು ಗಮನಿಸಿ ನ್ಯಾಯಾಲಯ ಜಾಮೀನು ಕೊಟ್ಟಿತು. ಒಂದೇ ಗಿಡದ ಎಲೆಗೂ ಹೂವಿಗೂ ನಡುವೆ ವರ್ಷಗಳ ಜೈಲುವಾಸದ ಅಂತರವಿದೆ. ಅದನ್ನು ಬಿಡಿಸಿ ಹೇಳಲು ಹೈಕೋರ್ಟೇ ಬೇಕಾಯಿತು.

ಮದ್ಯದ ಮಿತಿ ಮೀರಿದರೆ? 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಸಡಿಲವಾದ ಮೊದಲ ದಿನ, ಬೆಂಗಳೂರಿನ ಅಂಗಡಿಯೊಂದರ 52,841 ರೂಪಾಯಿಯ ಬಿಲ್ಲು ಮೊಬೈಲುಗಳಲ್ಲಿ ಹರಿದಾಡಿತು. ಒಬ್ಬರು ಒಮ್ಮೆಗೆ ಕೊಳ್ಳಬಹುದಾದದ್ದು 2.3 ಲೀಟರ್ ಮದ್ಯ, 18.2 ಲೀಟರ್ ಬಿಯರ್, ಬಿಲ್ಲಿನಲ್ಲಿದ್ದದ್ದು 13.5 ಲೀಟರ್ ಮದ್ಯ, 35 ಲೀಟರ್ ಬಿಯರ್. ಅಬಕಾರಿ ಇಲಾಖೆ ಪ್ರಕರಣ ದಾಖಲಿಸಿತು, ಜನ ನಕ್ಕರು. ಮರುದಿನ ರಾಜ್ಯದಲ್ಲಿ ಒಂದೇ ದಿನ ಸುಮಾರು 197 ಕೋಟಿ ರೂಪಾಯಿಯ ಮದ್ಯ ಮಾರಾಟವಾದದ್ದು ಸಾಧನೆಯಂತೆ ಸುದ್ದಿಯಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಚಿತ್ರರಂಗದವರ ಮೇಲೆ ಮಾದಕ ವಸ್ತು ಪ್ರಕರಣ ದಾಖಲಾದಾಗ ಟಿವಿ ವಾಹಿನಿಗಳು ವಾರಗಟ್ಟಲೆ ಬೇರೇನನ್ನೂ ತೋರಿಸಲಿಲ್ಲ.

ಹಾನಿಯ ಲೆಕ್ಕ

ಹಾನಿಯ ಕುರಿತು ಊಹೆಯ ಅಗತ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2019ರಲ್ಲಿ ಜಗತ್ತಿನಾದ್ಯಂತ ಮದ್ಯದಿಂದಾದ ಸಾವು 26 ಲಕ್ಷ, ಇತರ ಮಾದಕ ವಸ್ತುಗಳಿಂದಾದದ್ದು 6 ಲಕ್ಷ. ಇದಕ್ಕೆ ಸಿದ್ಧ ಉತ್ತರವೊಂದಿದೆ: ಮದ್ಯ ಮುಕ್ತವಾಗಿ ಸಿಗುವುದರಿಂದ ಕುಡಿಯುವವರು ಹೆಚ್ಚು, ಆದ್ದರಿಂದ ಸಾವೂ ಹೆಚ್ಚು, ಗಾಂಜಾಕ್ಕೂ ಬಾಗಿಲು ತೆರೆದರೆ ಅದರ ಸಾವೂ ಏರುತ್ತದೆ. ಈ ವಾದದಲ್ಲಿ ಹುರುಳಿದೆ. ಊರೂರಿಗೆ ಗಾಂಜಾ ಅಂಗಡಿಗೆ ಸನ್ನದು ಕೊಡಿ ಎಂದು ನಾನು ಹೇಳದಿರುವುದಕ್ಕೆ ಕಾರಣವೂ ಇದೇ.

ಆದರೆ ಬಳಸುವವರ ಸಂಖ್ಯೆಯನ್ನು ಬದಿಗಿಟ್ಟೂ ಹೋಲಿಸಬಹುದು. ಏಮ್ಸ್ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಕುಡಿಯುವವರು 16 ಕೋಟಿ. ಅದರಲ್ಲಿ ಕುಡಿತವೇ ಸಮಸ್ಯೆಯಾಗಿ ನೆರವು ಬೇಕಾದವರು 5.7 ಕೋಟಿ. ಗಾಂಜಾ, ಭಂಗಿ, ಚರಸ್ ಬಳಸುವವರು 3.1 ಕೋಟಿ, ನೆರವು ಬೇಕಾದವರು 72 ಲಕ್ಷ. ಅಫೀಮು, ಹೆರಾಯಿನ್ ಬಗೆಯವನ್ನು ಬಳಸುವವರು 2.26 ಕೋಟಿ, ನೆರವು ಬೇಕಾದವರು 77 ಲಕ್ಷ. ಭಾಗಿಸಿ ನೋಡಿದರೆ ಗಾಂಜಾದಲ್ಲಿ ನಾಲ್ವರಲ್ಲಿ ಒಬ್ಬನಿಗಿಂತ ಕಡಿಮೆ. ಮದ್ಯದಲ್ಲೂ ಅಫೀಮಿನ ಬಗೆಯಲ್ಲೂ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬ. ಒಂದೇ ಸಮೀಕ್ಷೆ, ಒಂದೇ ಅಳತೆ. ಬಳಸುವವನನ್ನು ಹಿಡಿದು ಬಗ್ಗಿಸುವ ವಿಷಯದಲ್ಲಿ ಮದ್ಯ ನಿಲ್ಲುವುದು ಅಫೀಮಿನ ಪಕ್ಕದಲ್ಲಿ, ಗಾಂಜಾಕ್ಕಿಂತ ಮೇಲೆ.

ದುಡ್ಡಿನ ಲೆಕ್ಕವೂ ಸರಿಹೋಗುವುದಿಲ್ಲ. ಮದ್ಯದ ಪರಿಣಾಮಗಳನ್ನು ನಿಭಾಯಿಸಲು ದೇಶಕ್ಕೆ ತಗಲುವ ವೆಚ್ಚ ವರ್ಷಕ್ಕೆ 24,400 ಕೋಟಿ, ಅಬಕಾರಿಯಿಂದ ಬರುವುದು 21,600 ಕೋಟಿ ಎಂದು ನಿಮ್ಹಾನ್ಸ್ ತಜ್ಞರು ಎರಡು ದಶಕದ ಹಿಂದೆ ಅಂದಾಜು ಮಾಡಿದ್ದರು. ಅಂಕಿಗಳು ಹಳೆಯವು, ಹೊಸ ಲೆಕ್ಕವನ್ನು ಸರ್ಕಾರವೇ ಮುಂದೆ ನಿಂತು ಮಾಡಿಸಬೇಕು. ವರಮಾನ ಸೇರುವುದು ಬೊಕ್ಕಸಕ್ಕೆ, ವೆಚ್ಚದ ಬಹುಪಾಲು ಬೀಳುವುದು ಮನೆಗಳ ಮೇಲೆ. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಹೆಂಗಸರು ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದಾಗ ಹೇಳಿದ್ದು ಇದನ್ನೇ: ಕೂಲಿ ದುಡ್ಡು ಮನೆಗೆ ಬರುತ್ತಿಲ್ಲ, ಕಿರಾಣಿ ಅಂಗಡಿಯಲ್ಲೂ ಕ್ವಾರ್ಟರ್ ಸಿಗುತ್ತದೆ, ದೂರು ಕೊಟ್ಟರೆ ಕೇಳುವವರಿಲ್ಲ. ಅವರ ಬೇಡಿಕೆಯಾದ ಪೂರ್ಣ ನಿಷೇಧವನ್ನು, 2008ರ ಸಾವುಗಳನ್ನು ನೆನೆದು, ನಾನು ಒಪ್ಪಲಾರೆ. ಅವರ ದೂರನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ.

ಎನ್‌ಡಿಪಿಎಸ್‌ನಂಥ ಕಠೋರ ಕಾಯ್ದೆಯಲ್ಲೂ ಚಿಕಿತ್ಸೆಯ ಮಾತಿದೆ: ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ 64ಎ ಕಲಮು ಆತನಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ, 71ನೇ ಕಲಮು ಚಿಕಿತ್ಸಾ ಕೇಂದ್ರ ತೆರೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಗಮನವೆಲ್ಲ ಸನ್ನದು, ಸುಂಕ, ಸಾಗಣೆಯ ಮೇಲೆ. ಮದ್ಯದ ವ್ಯಸನಕ್ಕೆ ಸಿಕ್ಕವರಲ್ಲಿ 38ಕ್ಕೆ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿದೆ ಎನ್ನುತ್ತದೆ ಏಮ್ಸ್ ಸಮೀಕ್ಷೆ. ಅಕ್ರಮ ಮಾದಕ ವಸ್ತುಗಳ ವ್ಯಸನಿಗಳಲ್ಲಿ ಅದು 20ಕ್ಕೆ ಒಬ್ಬರು. ಸರ್ಕಾರ ತಾನೇ ಮಾರಿದ ಪದಾರ್ಥದ ರೋಗಿಗೆ ಸಿಕ್ಕಿರುವುದು ಕಳ್ಳಮಾಲಿನ ರೋಗಿಗಿಂತಲೂ ಕಡಿಮೆ. ಅಬಕಾರಿ ವರಮಾನದ ನಿಗದಿತ ಪಾಲು ತಾಲ್ಲೂಕು ಆಸ್ಪತ್ರೆಗಳ ವ್ಯಸನಮುಕ್ತಿ ಹಾಸಿಗೆಗೆ, ಔಷಧಕ್ಕೆ, ಆಪ್ತಸಮಾಲೋಚಕರ ಸಂಬಳಕ್ಕೆ ಹೋಗಬೇಕೆಂದು ಅಬಕಾರಿ ಕಾಯ್ದೆಯಲ್ಲೇ ಬರೆಯುವುದಕ್ಕೆ ದೆಹಲಿಯ ಒಪ್ಪಿಗೆಗೆ ಕಾಯಬೇಕಿಲ್ಲ, ರಾಜ್ಯದ ಶಾಸನಸಭೆಯೇ ಮಾಡಬಹುದು. ಗಾಂಜಾ ಬೆಳೆಗೂ ಪ್ರಮಾಣದ ಮೆಟ್ಟಿಲು ತರುವುದು ಸಂಸತ್ತಿನ ಕೆಲಸ. ಕಿತ್ತ ಗಿಡದ ತುದಿಯನ್ನು ಬೇರೆ ಮಾಡಿ ತೂಗಿ, ಆ ತೂಕವನ್ನೇ ಪಂಚನಾಮೆಯಲ್ಲಿ ಬರೆಯಿರಿ ಎನ್ನುವುದಕ್ಕೆ ಠಾಣೆಗಳಿಗೆ ಒಂದು ಸುತ್ತೋಲೆ ಸಾಕು.