ತೆಂಗಿನೆಣ್ಣೆಯ ಶುದ್ಧತೆ ಮತ್ತು ಕೊಬ್ಬಿನಾಮ್ಲಗಳ ವಿಶ್ಲೇಷಣೆ

ಉಡುಪಿ ಜಿಲ್ಲೆಯ ಉದ್ಯಾವರ, ಕಾಪು, ಕಾರ್ಕಳ ಮೊದಲಾದ ಪ್ರದೇಶಗಳಲ್ಲಿ ತೆಂಗಿನೆಣ್ಣೆಯು ಅಡುಗೆಗೆ, ತಲೆಕೂದಲಿಗೆ ಹಾಗೂ ದೀಪಕ್ಕೆ ನಿತ್ಯ ಬಳಕೆಯಾಗುತ್ತದೆ. ಇದಕ್ಕೆ ಅಗ್ಗದ ಎಣ್ಣೆಯನ್ನು ಬೆರೆಸಿದಲ್ಲಿ ಬಳಕೆದಾರರಲ್ಲದೆ ತೆಂಗು ಬೆಳೆಗಾರರೂ ಶುದ್ಧ ಎಣ್ಣೆ ತೆಗೆಯುವವರೂ ನಷ್ಟ ಅನುಭವಿಸುತ್ತಾರೆ. ತೆಂಗಿನೆಣ್ಣೆಯು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಹೆಪ್ಪುಗಟ್ಟುತ್ತದೆ. ಆದರೆ ತಾಳೆ ಬೀಜದ ತಿರುಳಿನ ಎಣ್ಣೆಯೂ ತಂಪಿನಲ್ಲಿ ಹೆಪ್ಪುಗಟ್ಟುವುದರಿಂದ, ಈ ಲಕ್ಷಣವೊಂದನ್ನೇ ಶುದ್ಧತೆಗೆ ಆಧಾರವೆಂದು ಪರಿಗಣಿಸಲಾಗದು.

ವಿಶ್ಲೇಷಣಾ ವಿಧಾನ:
ಎಣ್ಣೆಯಲ್ಲಿ ಕೊಬ್ಬಿನಾಮ್ಲಗಳು ಗ್ಲಿಸರಾಲ್‌ನೊಂದಿಗೆ ಸಂಯೋಜನೆಗೊಂಡಿರುತ್ತವೆ. ಪ್ರಯೋಗಾಲಯದಲ್ಲಿ ಎಣ್ಣೆಯ ಮಾದರಿಯನ್ನು ಮೆಥನಾಲ್ ಮತ್ತು ಕ್ಷಾರದೊಂದಿಗೆ ಬಿಸಿ ಮಾಡಿ, ಈ ಆಮ್ಲಗಳನ್ನು ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರ್‌ಗಳನ್ನಾಗಿ ಪರಿವರ್ತಿಸಲಾಗುತ್ತದೆ. ಇವುಗಳನ್ನು ಗ್ಯಾಸ್ ಕ್ರೊಮಟೋಗ್ರಾಫ್ ಉಪಕರಣದ ನೀಳವಾದ ನಳಿಕೆಯ ಮೂಲಕ ಹಾಯಿಸಿದಾಗ ಪ್ರತಿಯೊಂದೂ ಬೇರೆ ಬೇರೆ ಸಮಯದಲ್ಲಿ ಹೊರಬರುತ್ತದೆ. ಅವುಗಳ ಪ್ರಮಾಣವು ನಕ್ಷೆಯ ರೂಪದಲ್ಲಿ ದಾಖಲಾಗುತ್ತದೆ.

ಫಲಿತಾಂಶದ ಅರ್ಥ:
ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ತೆಂಗಿನೆಣ್ಣೆಯಲ್ಲಿ ಲಾರಿಕ್ ಆಮ್ಲವು ಶೇ. 45.1ರಿಂದ 53.2ರಷ್ಟಿರುತ್ತದೆ. ತಾಳೆ ತಿರುಳಿನ ಎಣ್ಣೆಯಲ್ಲಿಯೂ ಇದು ಶೇ. 45ರಿಂದ 55ರಷ್ಟಿರುವುದರಿಂದ ಲಾರಿಕ್ ಆಮ್ಲದ ಅಳತೆಯೊಂದೇ ಸಾಲದು. ಒಲಿಯಿಕ್ ಆಮ್ಲವು ತೆಂಗಿನೆಣ್ಣೆಯಲ್ಲಿ ಶೇ. 5ರಿಂದ 10ರಷ್ಟಿದ್ದರೆ, ತಾಳೆ ತಿರುಳಿನ ಎಣ್ಣೆಯಲ್ಲಿ ಶೇ. 12ರಿಂದ 19ರಷ್ಟಿರುತ್ತದೆ. ಅಲ್ಪ ಪ್ರಮಾಣದ ಬೆರಕೆ ಈ ಮಿತಿಯೊಳಗೇ ಅಡಗಿರಬಹುದಾದ್ದರಿಂದ ಅಯೋಡಿನ್ ಸಂಖ್ಯೆ ಮೊದಲಾದ ಪರೀಕ್ಷೆಗಳನ್ನೂ ಮಾಡಲಾಗುತ್ತದೆ. ಖನಿಜ ತೈಲದಲ್ಲಿ ಕೊಬ್ಬಿನಾಮ್ಲಗಳೇ ಇಲ್ಲದ ಕಾರಣ ಅದಕ್ಕೆ ಪ್ರತ್ಯೇಕ ಪರೀಕ್ಷೆ ಅಗತ್ಯ.

ಇತರ ಬೀಜಗಳು:
ಪ್ರತಿಯೊಂದು ಬೀಜದ ಎಣ್ಣೆಗೂ ತನ್ನದೇ ಆದ ಸಂಯೋಜನೆ ಇರುತ್ತದೆ. ಎಳ್ಳೆಣ್ಣೆಯಲ್ಲಿ ಒಲಿಯಿಕ್ ಮತ್ತು ಲಿನೊಲಿಯಿಕ್ ಆಮ್ಲಗಳು ತಲಾ ಸುಮಾರು ಶೇ. 40ರಷ್ಟಿದ್ದರೆ, ಪುನರ್ಪುಳಿ ಬೀಜದ ಕೊಬ್ಬಿನಲ್ಲಿ ಸ್ಟಿಯರಿಕ್ ಆಮ್ಲವೇ ಅರ್ಧಕ್ಕಿಂತ ಹೆಚ್ಚು. ಆಯುರ್ವೇದದ ಅನೇಕ ತೈಲಗಳು ಎಳ್ಳೆಣ್ಣೆ ಅಥವಾ ತೆಂಗಿನೆಣ್ಣೆಯಲ್ಲಿ ತಯಾರಾಗುವುದರಿಂದ ಮೂಲ ಎಣ್ಣೆಯ ಪರೀಕ್ಷೆ ಔಷಧ ತಯಾರಿಕೆಯಲ್ಲಿಯೂ ಮುಖ್ಯ. ಉದ್ಯಾವರದ ಸಮೀಪದ ಕುತ್ಪಾಡಿಯಲ್ಲಿರುವ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಸಂಶೋಧನಾ ಕೇಂದ್ರದಲ್ಲಿ ಔಷಧೀಯ ಸಸ್ಯದ್ರವ್ಯಗಳ ಗುಣಮಟ್ಟದ ವಿಶ್ಲೇಷಣೆ ನಡೆಯುತ್ತದೆ.

ಸಾರ್ವಜನಿಕರ ಗಮನಕ್ಕೆ:
ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರ 40ನೇ ಪ್ರಕರಣದಂತೆ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ ಆಹಾರ ವಿಶ್ಲೇಷಕರಿಂದ ಎಣ್ಣೆಯನ್ನು ಪರೀಕ್ಷಿಸಿಕೊಳ್ಳಬಹುದು. ಈ ಉದ್ದೇಶವನ್ನು ಖರೀದಿಯ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸತಕ್ಕದ್ದು. ಎಣ್ಣೆಯು ಕಾಯಿದೆಗೆ ಅನುಗುಣವಾಗಿಲ್ಲವೆಂದು ವರದಿಯಲ್ಲಿ ಕಂಡುಬಂದಲ್ಲಿ ಖರೀದಿದಾರರು ಶುಲ್ಕದ ಮರುಪಾವತಿಗೆ ಅರ್ಹರಾಗಿರುತ್ತಾರೆ.