ಹಡಗು ಹತ್ತುವ ಮುನ್ನ ಎಲ್ಲಿ ಉಣ್ಣಬೇಕು?



‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ನಮ್ಮ ಶಾಲೆಯ ಕನ್ನಡ ಪಂಡಿತರು ವಿಸ್ತರಿಸಿ ಬರೆಯಲು ವರ್ಷಕ್ಕೊಮ್ಮೆಯಾದರೂ ಕೊಡುತ್ತಿದ್ದರು. ಸಮಾಜ ವಿಜ್ಞಾನದ ಮೇಷ್ಟರಾದ ನನಗೆ ಮಾತ್ರ ಆ ಗಾದೆಯ ಮೊದಲರ್ಧದ ಬಗೆಗೆ ಸದಾ ಒಂದು ಸಂದೇಹ. ನಮ್ಮ ಚರಿತ್ರೆಯಲ್ಲಿ ಊಟವು ನಿಜಕ್ಕೂ ಎಷ್ಟು ಜನರ ‘ತನ್ನಿಚ್ಛೆ’ಯಾಗಿತ್ತು?

ಈ ಪ್ರಶ್ನೆ ಮತ್ತೆ ಎದ್ದುದಕ್ಕೆ ಕಾರಣ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ. ಆತ ಸಕುಟುಂಬನಾಗಿ ಮುಂಬಯಿಯಿಂದ ವಿಹಾರನೌಕೆಯಲ್ಲಿ ಹೊರಡುವವನಿದ್ದಾನೆ. ‘ಸಾರ್, ಹಡಗು ಹತ್ತುವ ಮೊದಲು ಬಂದರಿನ ಹತ್ತಿರ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ?’ ಎಂದು ಕೇಳಿದ. ಉತ್ತರವನ್ನು ಎರಡು ಮಾತಿನಲ್ಲಿ ಹೇಳಬಹುದಿತ್ತು. ಆದರೆ ನೂರು ವರ್ಷಗಳ ಹಿಂದೆ ಅದೇ ಬಂದರಿನಲ್ಲಿ ಅದೇ ಪ್ರಶ್ನೆ ಎಷ್ಟು ಕಠಿಣವಾಗಿತ್ತೆಂಬುದನ್ನೂ ಹೇಳಬೇಕೆನ್ನಿಸಿತು.

1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿ ಭಾರತದ ಹೆಬ್ಬಾಗಿಲಾಯಿತು. 1873ರಲ್ಲಿ ಪೋರ್ಟ್ ಟ್ರಸ್ಟ್ ಸ್ಥಾಪನೆಯಾಯಿತು. 1875ರಲ್ಲಿ ಸಸೂನ್ ಡಾಕ್, 1880ರಲ್ಲಿ ಪ್ರಿನ್ಸಸ್ ಡಾಕ್, 1888ರಲ್ಲಿ ವಿಕ್ಟೋರಿಯಾ ಡಾಕ್ ಹೀಗೆ ಒಂದರ ಹಿಂದೊಂದು ಹಡಗುಕಟ್ಟೆಗಳು ಎದ್ದವು. ಇಂಗ್ಲೆಂಡಿಗೆ ಹೋಗುವ ಅಧಿಕಾರಿಗಳು, ವ್ಯಾಪಾರಿಗಳು, ವಿದ್ಯಾರ್ಥಿಗಳು ಇಲ್ಲಿಗೆ ಬಂದು ಹಡಗಿಗಾಗಿ ಕಾಯತೊಡಗಿದರು. ಕಾಯುವವರಿಗೆ ಊಟ ಬೇಕಲ್ಲವೆ?

ಐರೋಪ್ಯರಿಗೆ ಚಿಂತೆಯಿರಲಿಲ್ಲ. ಕಾಲಾಘೋಡಾದ ಬಳಿ ವಾಟ್ಸನ್ ಹೋಟೆಲಿತ್ತು. ಅದರ ಎರಕದ ಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ತಯಾರಿಸಿ ಹಡಗಿನಲ್ಲಿ ತಂದು ಜೋಡಿಸಿದ್ದರು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲನಚಿತ್ರಗಳು ಭಾರತದಲ್ಲಿ ಮೊದಲು ಪ್ರದರ್ಶನಗೊಂಡದ್ದು ಅಲ್ಲಿಯೇ. ಜಮ್ಷೆಟ್‌ಜಿ ಟಾಟಾ ಅವರನ್ನು ಆ ಹೋಟೆಲಿನಲ್ಲಿ ಒಳಗೆ ಬಿಡಲಿಲ್ಲವೆಂದೂ, ಆ ಸಿಟ್ಟಿನಿಂದಲೇ ಅವರು ತಾಜಮಹಲ್ ಹೋಟೆಲನ್ನು ಕಟ್ಟಿಸಿದರೆಂದೂ ಒಂದು ಕಥೆಯಿದೆ. ಕಥೆ ಸೊಗಸಾಗಿದೆ, ಆದರೆ ಅದನ್ನು ಸಂದೇಹಿಸುವ ಚರಿತ್ರಕಾರರಿದ್ದಾರೆ. ತಾಜ್ 1903ರ ಡಿಸೆಂಬರ್ 16ರಂದು ತೆರೆಯಿತೆಂಬುದು ಮಾತ್ರ ನಿರ್ವಿವಾದ. ಕಥೆಗೂ ದಾಖಲೆಗೂ ಇರುವ ಅಂತರವನ್ನು ತರಗತಿಯಲ್ಲಿ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು.

ನಮ್ಮವರ ಪಾಡು ಬೇರೆಯಾಗಿತ್ತು. ಸಮುದ್ರೋಲ್ಲಂಘನವೇ ದೋಷವೆಂದು ಭಾವಿಸಿದ್ದ ಕಾಲವದು. ಹಡಗಿನ ಅಡುಗೆಯನ್ನು ಯಾರು ಮಾಡುತ್ತಾರೆ, ಯಾವ ಪಾತ್ರೆಯಲ್ಲಿ ಬೇಯಿಸುತ್ತಾರೆ, ಪಕ್ಕದಲ್ಲಿ ಕುಳಿತು ಉಣ್ಣುವವರು ಯಾರು ಎಂಬುದೇ ಭಯದ ಮೂಲ. ಈ ಭಯವನ್ನು ಎದುರಿಸಿದ ಮೂವರ ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲನೆಯವರು ಮೋಹನದಾಸ ಗಾಂಧಿ. 1888ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ತರುಣ, ಕಾನೂನು ಓದಲು ಲಂಡನ್ನಿಗೆ ಹೊರಟು ಮುಂಬಯಿಗೆ ಬಂದರು. ಮದ್ಯ, ಮಾಂಸ, ಪರಸ್ತ್ರೀ ಇವುಗಳನ್ನು ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಅವರ ಮೋಧ್ ಬನಿಯಾ ಜಾತಿಯ ಮುಖ್ಯಸ್ಥರಿಗೆ ಅದು ಸಾಲಲಿಲ್ಲ. ಸಭೆ ಸೇರಿಸಿ ಅವರನ್ನು ಬಹಿಷ್ಕರಿಸಿದರು. ಅವರಿಗೆ ನೆರವಾದವರು, ಬೀಳ್ಕೊಡಲು ಹಡಗುಕಟ್ಟೆಗೆ ಹೋದವರು ಒಂದು ರೂಪಾಯಿ ನಾಲ್ಕಾಣೆ ದಂಡ ತೆರಬೇಕೆಂದು ಆಜ್ಞೆಯಾಯಿತು. ಸೆಪ್ಟೆಂಬರ್ 4ರಂದು ಹಡಗು ಹೊರಟಿತು. ಚಮಚ ಚೂರಿ ಹಿಡಿದು ಉಣ್ಣಲು ಬಾರದು, ಯಾವ ಭಕ್ಷ್ಯದಲ್ಲಿ ಮಾಂಸವಿಲ್ಲವೆಂದು ಕೇಳಲು ಸಂಕೋಚ. ಆ ತರುಣ ಊಟದ ಮೇಜಿಗೆ ಹೋಗದೆ, ಊರಿನಿಂದ ತಂದಿದ್ದ ಸಿಹಿತಿಂಡಿ ಹಣ್ಣುಗಳನ್ನೇ ತನ್ನ ಕೋಣೆಯಲ್ಲಿ ತಿನ್ನುತ್ತಾ ದಿನ ಕಳೆದರು. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಎರಡನೆಯವರು ಜಯಪುರದ ಮಹಾರಾಜ ಎರಡನೆಯ ಸವಾಯಿ ಮಾಧೋಸಿಂಗ್. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೋಗಬೇಕಾಯಿತು. ಶ್ರೀಮಂತನ ಭಯಕ್ಕೆ ಶ್ರೀಮಂತ ಪರಿಹಾರ! ‘ಒಲಿಂಪಿಯಾ’ ಎಂಬ ಇಡೀ ಹಡಗನ್ನೇ ಬಾಡಿಗೆಗೆ ಹಿಡಿದು, ಗಂಗಾಜಲ ತುಂಬಿದ ಬೃಹತ್ ಬೆಳ್ಳಿಯ ಹಂಡೆಗಳನ್ನು ಹೇರಿಕೊಂಡು ಮುಂಬಯಿಯಿಂದ ಹೊರಟರು. ಒಂದೊಂದು ಹಂಡೆಯ ತೂಕ ಸುಮಾರು 345 ಕಿಲೋ. ಹಿಡಿಯುವ ನೀರು ನಾಲ್ಕು ಸಾವಿರ ಲೀಟರಿಗೂ ಹೆಚ್ಚು. ಅವುಗಳಲ್ಲಿ ಎರಡನ್ನು ಜಯಪುರದ ಅರಮನೆಯಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆ.

ಮೂರನೆಯವರು ಭೀಮರಾವ್ ಅಂಬೇಡ್ಕರ್. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿಯೂ ಲಂಡನ್ನಿನಲ್ಲಿಯೂ ಕಳೆದ ವರ್ಷಗಳು ತಾನು ಅಸ್ಪೃಶ್ಯನೆಂಬ ಅರಿವನ್ನೇ ಮನಸ್ಸಿನಿಂದ ಅಳಿಸಿಹಾಕಿದ್ದವು ಎಂದು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ಹೇಳುತ್ತಾರೆ. 1917ರಲ್ಲಿ ಮರಳಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದಾಗ ತಂಗಲು ಒಂದು ಕೋಣೆ ದೊರೆಯಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಗುರುತು ತಿಳಿದೊಡನೆ ಜನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಅವರು ಮುಂಬಯಿಗೆ ಹಿಂದಿರುಗಿದರು.

ಗಮನಿಸಿ. ಗಾಂಧಿಯವರಿಗೂ ಮಹಾರಾಜರಿಗೂ ಕಡಲು ದಾಟಿದರೆ ಜಾತಿ ಹೋಗುವುದೆಂಬ ಭಯವನ್ನು ಸಮಾಜ ಹಾಕಿತ್ತು. ಅಂಬೇಡ್ಕರರಿಗೆ ಕಡಲಾಚೆ ಹೋದಾಗ ಆ ಹೊರೆ ಇಳಿಯಿತು, ನೆಲಕ್ಕೆ ಮರಳಿದೊಡನೆ ಮತ್ತೆ ಹೆಗಲೇರಿತು. ಮೂವರನ್ನೂ ಕಾಡಿದ್ದು ಒಂದೇ ಕಟ್ಟಳೆ. ಆದರೆ ಅದರ ಭಾರ ಮೂವರಿಗೂ ಸಮನಾಗಿರಲಿಲ್ಲ.

ಈ ಕಟ್ಟಳೆಯನ್ನು ಸಡಿಲಿಸಿದ್ದರಲ್ಲಿ ಭಾಷಣಗಳ ಪಾಲೂ ಇದೆ, ಶಾಸನಗಳ ಪಾಲೂ ಇದೆ. ಆದರೆ ಬಂದರಿನ ಸುತ್ತಣ ಸಾಮಾನ್ಯ ಉಪಾಹಾರಗೃಹಗಳ ಪಾಲನ್ನು ನಾವು ಮರೆಯುತ್ತೇವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇರಾನಿನಿಂದ ಬಂದು ನೆಲೆಸಿದವರು ಬೀದಿಯ ಮೂಲೆಗಳಲ್ಲಿ ಚಹದಂಗಡಿಗಳನ್ನು ತೆರೆದರು. ಧೋಬಿ ತಲಾವಿನ ಕಯಾನಿ 1904ರದು. ಅಮೃತಶಿಲೆಯ ಮೇಜು, ಬಾಗಿದ ಮರದ ಕುರ್ಚಿ, ಬನ್ನು, ಮಸ್ಕಾ, ಚಹ. ಕೂಲಿಯೂ ಗುಮಾಸ್ತನೂ ವಕೀಲನೂ ಕಾಸು ಕೊಟ್ಟು ಒಂದೇ ಸೂರಿನಡಿ ಕುಳಿತರು. 1890ರಲ್ಲಿ ಪುಣೆಯ ಪಂಚಹೌದ್ ಮಿಷನ್ನಿನಲ್ಲಿ ತಿಲಕರೂ ರಾನಡೆಯವರೂ ಚಹದ ಕೂಟಕ್ಕೆ ಹೋದದ್ದು ಪ್ರಾಯಶ್ಚಿತ್ತದವರೆಗೆ ಎಳೆದಿತ್ತೆಂಬುದನ್ನು ನೆನೆದರೆ, ಈ ಮೂಲೆಯಂಗಡಿಗಳ ಮಹತ್ವ ಮನವರಿಕೆಯಾಗುತ್ತದೆ.

ಅಲೆಕ್ಸಾಂಡ್ರಾ ಡಾಕ್ (ಇಂದಿನ ಇಂದಿರಾ ಡಾಕ್) ತೋಡಿದಾಗ ಬಂದ ಮಣ್ಣಿನಿಂದ ಸಮುದ್ರವನ್ನು ತುಂಬಿ, 1914ರಿಂದ 1918ರ ನಡುವೆ ಬಲ್ಲಾರ್ಡ್ ಎಸ್ಟೇಟನ್ನು ನಿರ್ಮಿಸಿದರು. ಗೇಟ್‌ವೇ ಆಫ್ ಇಂಡಿಯಾವನ್ನು ರೂಪಿಸಿದ ಜಾರ್ಜ್ ವಿಟೆಟ್ ಅವರೇ ಇದರ ವಾಸ್ತುಶಿಲ್ಪಿ. ಅಲ್ಲಿ 1923ರಲ್ಲಿ ಬ್ರಿಟಾನಿಯಾ ಎಂಬ ಇರಾನಿ ಉಪಾಹಾರಗೃಹ ಆರಂಭವಾಯಿತು. ಅಲ್ಲಿನ ಪ್ರಸಿದ್ಧ ಬೆರ್ರಿ ಪುಲಾವಿಗೆ ಇರಾನಿನ ಹುಳಿಯಾದ ಒಣ ಹಣ್ಣುಗಳನ್ನು ಹಾಕುತ್ತಾರೆ. ಗಿರಾಕಿಗಳ ಮೇಜಿನ ಬಳಿಗೇ ಬಂದು ಮಾತನಾಡಿಸುತ್ತಿದ್ದ ಅದರ ಹಿರಿಯ ಮಾಲೀಕ ಬೊಮನ್ ಕೊಹಿನೂರ್ 2019ರಲ್ಲಿ ತೀರಿಕೊಂಡರು.

ಇನ್ನು ನಮ್ಮ ಕರಾವಳಿಯ ಮಾತು. ಕೋಟೆ, ಅಂದರೆ ಫೋರ್ಟ್ ಪ್ರದೇಶದ ಲಂಚ್ ಹೋಮುಗಳನ್ನೂ ಮಾಟುಂಗದ ಉಡುಪಿ ಹೋಟೆಲುಗಳನ್ನೂ ಕಟ್ಟಿದವರಲ್ಲಿ ತುಳುನಾಡಿನವರು ಬಹಳ. ಮಾಟುಂಗದಲ್ಲಿ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆಯ ಊಟ ಬಡಿಸುತ್ತಿದೆ. ಕೊಂಕಣ ರೈಲು 1998ರಲ್ಲಿ ಪೂರ್ಣಗೊಳ್ಳುವ ಬಹು ಮೊದಲು ನಮ್ಮವರು ಮಂಗಳೂರಿನ ಹಳೆ ಬಂದರದಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿದ್ದರು. ದೊಡ್ಡ ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ದೋಣಿಯಲ್ಲಿ ಹೋಗಿ ಹತ್ತಬೇಕು. ಮಳೆಗಾಲದಲ್ಲಿ ಅದೂ ಇಲ್ಲ.

ನಮ್ಮ ದೊಡ್ಡಪ್ಪ ಹಾಗೆ ಹೋದವರು. ಹೊರಡುವ ದಿನ ಗಂಜಿ, ಉಪ್ಪಿನಕಾಯಿ ಮಾತ್ರ ಉಂಡು, ಅವಲಕ್ಕಿ ಬೆಲ್ಲದ ಗಂಟು ಕಟ್ಟಿಕೊಂಡಿದ್ದರಂತೆ. ಕೋಟೆಯ ಹೋಟೆಲೊಂದರಲ್ಲಿ ಹಗಲು ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದರು. ಅಂಥ ರಾತ್ರಿಶಾಲೆಗಳಲ್ಲಿ ಕಲಿತ ಹೋಟೆಲ್ ಹುಡುಗರೆಷ್ಟೋ ಮಂದಿ ಮುಂದೆ ಬ್ಯಾಂಕು, ಕಚೇರಿ, ವಕೀಲಿ ವೃತ್ತಿಗಳಿಗೆ ಹೋದರು. ಅಧ್ಯಾಪಕನಾದ ನನಗೆ ಮುಂಬಯಿಯ ಹೋಟೆಲುಗಳ ಬಗೆಗೆ ಇರುವ ಗೌರವಕ್ಕೆ ಅವುಗಳ ರುಚಿಗಿಂತ ಇದೇ ದೊಡ್ಡ ಕಾರಣ.

ಈಗ ಆ ವಿದ್ಯಾರ್ಥಿಗೆ ಉತ್ತರ. ವಿಹಾರನೌಕೆಗಳ ಹೊಸ ನಿಲ್ದಾಣ ಬಲ್ಲಾರ್ಡ್ ಪಿಯರ್ ಬಳಿಯೇ ಇದೆ. 2025ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಹಡಗು ಹೊರಡುವುದಕ್ಕೆ ಕೆಲವು ಗಂಟೆಗಳ ಮೊದಲೇ ಅಲ್ಲಿ ಹಾಜರಿರಬೇಕು. ಆದ್ದರಿಂದ ಟಿಕೇಟಿನಲ್ಲಿ ಕೊಟ್ಟ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿ ಊಟದ ವೇಳೆ ಗೊತ್ತುಮಾಡು. ಮಧ್ಯಾಹ್ನವಾದರೆ ಬ್ರಿಟಾನಿಯಾ ನಡೆದುಹೋಗುವಷ್ಟು ಹತ್ತಿರ. ಆದರೆ ಅದು ಹೆಚ್ಚಾಗಿ ಮಧ್ಯಾಹ್ನದ ಊಟಕ್ಕೆ ಹೆಸರಾದದ್ದು, ರಾತ್ರಿಗೆ ನಂಬಿಕೊಳ್ಳಬೇಡ. ಮೀನೂಟ ಬೇಕಾದರೆ ಕೋಟೆಯ ಮಂಗಳೂರು ಶೈಲಿಯ ಹೋಟೆಲುಗಳಿವೆ. ಸಸ್ಯಾಹಾರಿಗಳಿಗೆ ಛತ್ರಪತಿ ಶಿವಾಜಿ ನಿಲ್ದಾಣದ ಎದುರಿನ ಪಂಚಮ್ ಪೂರಿವಾಲಾ ಇದೆ. ಮಾಟುಂಗ ದೂರ, ಹಿಂದಿನ ದಿನವೇ ಊರು ಸೇರಿದ್ದರೆ ಮಾತ್ರ ಅಲ್ಲಿಗೆ ಹೋಗು. ಮೊದಲ ಸಲ ಕಡಲೇರುವವರು ಎಣ್ಣೆ ಪದಾರ್ಥ ಕಡಿಮೆ ಮಾಡಿ, ಅರ್ಧ ಹೊಟ್ಟೆಗೆ ಉಂಡರೆ ಒಳಿತು. ದೊಡ್ಡಪ್ಪನ ಗಂಜಿಯ ಗುಟ್ಟೂ ಅದೇ.

ಒಂದು ಮಾತು ಸೇರಿಸುತ್ತೇನೆ. ಬಂದರಿನ ಕೆಲಸ ಬಹುಮಟ್ಟಿಗೆ 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರಿಗೆ ಹೋಯಿತು, ದೂರಪ್ರಯಾಣಿಕರು ವಿಮಾನ ಹತ್ತಿದರು. ಹಳೆಯ ಇರಾನಿ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಯಾರೂ ಅವರ ಜಾತಿ ಕೇಳಲಿಲ್ಲವೆಂಬುದನ್ನು ತೋರಿಸಿ ಹೇಳು. ಮಕ್ಕಳಿಗೆ ಅದು ಸಹಜವೆನಿಸುತ್ತದೆ. ಹಿಂದೆ ಅದು ಸಹಜವಾಗಿರಲಿಲ್ಲವೆಂದು ಹೇಳಬೇಕಾದವರು ನಾವು.

ನಿಮ್ಮ ಮನೆಯ ಹಿರಿಯರಲ್ಲಿ ಹಡಗಿನಲ್ಲಿ ಮುಂಬಯಿಗೋ, ಅದರಾಚೆಗೋ ಹೋದವರಿದ್ದರೆ ಅವರನ್ನು ಕೇಳಿ ನೋಡಿ: ಹೊರಡುವ ದಿನ ಎಲ್ಲಿ ಉಂಡರು, ಏನು ಉಂಡರು, ಬಡಿಸಿದವರು ಯಾರು? ಆ ವಿವರಗಳು ಯಾವ ಪಠ್ಯಪುಸ್ತಕದಲ್ಲಿಯೂ ಸಿಗುವುದಿಲ್ಲ. ಅವರು ಇರುವಾಗಲೇ ಬರೆದಿಟ್ಟುಕೊಳ್ಳಿ. ನನಗೂ ಒಂದು ಪ್ರತಿ ಕಳುಹಿಸಿ.