ಹಬ್ಬಕ್ಕೆ ಯಾವ ಊರಿಗೆ ಹೋಗೋಣ?



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಯುವಕೂಟದಲ್ಲಿ ಒಂದೇ ಚರ್ಚೆ. ಪ್ರವಾಸಕ್ಕೆಂದು ಸ್ವಲ್ಪ ಹಣ ಕೂಡಿಟ್ಟಿದ್ದೇವೆ, ಯಾವ ಹಬ್ಬಕ್ಕೆ ಯಾವ ಊರಿಗೆ ಹೋಗುವುದು? ತಾಳವಾಡಿಯವರಾದ ನಮಗೆ ಮೈಸೂರು ಹತ್ತಿರ, ದಸರಾ ನೋಡೋಣ ಎಂದರು ಕೆಲವರು. ಗೋವಾ ಎಂದರು ಇನ್ನು ಕೆಲವರು. ಒಬ್ಬ ತಮ್ಮನಂತೂ "ಕ್ರಿಸ್‌ಮಸ್‌ಗೆ ಬೆತ್ಲೆಹೇಮಿಗೇ ಹೋಗೋಣ ಕಣಣ್ಣ" ಎಂದು ಎಲ್ಲರನ್ನೂ ನಗಿಸಿದ. ನಾನು ಓದಿದ್ದು ಬಿಎಸ್ಸಿ, ಚರಿತ್ರೆಯಲ್ಲ. ಆದರೂ ಮನೆಗೆ ಬಂದು ಈ ಮೂರು ಊರುಗಳ ಕಥೆ ಓದಿದೆ. ಓದಿದ ಮೇಲೆ ಬೇರೆಯದೇ ಒಂದು ಪ್ರಶ್ನೆ ಹುಟ್ಟಿತು. ಹಬ್ಬವನ್ನು ಉಳಿಸುವುದು ಊರೋ, ಜನರೋ?

ಮೊದಲು ಮೈಸೂರು. ದಸರಾ ಎಂದರೆ ಮೈಸೂರು ಎಂದುಕೊಂಡಿದ್ದೇವೆ. ಆದರೆ ಅದರ ಬೇರು ಹಂಪಿಯಲ್ಲಿದೆ. ವಿಜಯನಗರದ ಅರಸರು ಅಲ್ಲಿ ಮಹಾನವಮಿ ಆಚರಿಸುತ್ತಿದ್ದರು. 1443ರಲ್ಲಿ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಬ್ಬರೂ ಆ ವೈಭವವನ್ನು ಬರೆದಿಟ್ಟಿದ್ದಾರೆ. 1565ರ ತಾಳಿಕೋಟೆ ಯುದ್ಧದ ನಂತರ ಆ ನಗರ ಹಾಳಾಯಿತು. ಕಲ್ಲಿನ ಮಹಾನವಮಿ ದಿಬ್ಬ ಇಂದಿಗೂ ಅಲ್ಲಿ ಕಾಣುತ್ತದೆ. ಆದರೆ ಹಬ್ಬ ಸಾಯಲಿಲ್ಲ. 1610ರಲ್ಲಿ ರಾಜ ಒಡೆಯರು ಅದನ್ನು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ರಾಜಧಾನಿಯ ಜೊತೆ ಹಬ್ಬವೂ ಮೈಸೂರಿಗೆ ಬಂತು. ಮುಂದೆ ರಾಜರ ಆಳ್ವಿಕೆಯೂ ಹೋಯಿತು. ಮಹಾರಾಜರು ಕೂರುತ್ತಿದ್ದ ಚಿನ್ನದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ವಿಗ್ರಹ ಸಾಗುತ್ತದೆ, ಸರ್ಕಾರವೇ ಹಬ್ಬ ನಡೆಸುತ್ತದೆ. ಇಲ್ಲಿ ಊರು ಬಿದ್ದುಹೋದರೂ ಹಬ್ಬ ಇನ್ನೊಂದು ಊರು ಹುಡುಕಿಕೊಂಡಿತು.

ಹಳೇ ಗೋವಾದ ಕಥೆ ಇದಕ್ಕೆ ತಿರುಗುಮುರುಗು. ಸಂತ ಫ್ರಾನ್ಸಿಸ್ ಝೇವಿಯರ್ ಚೀನಾದ ಹತ್ತಿರದ ಒಂದು ದ್ವೀಪದಲ್ಲಿ 1552ರ ಡಿಸೆಂಬರ್ 3ರಂದು ತೀರಿಕೊಂಡರು. 1554ರಲ್ಲಿ ಅವರ ದೇಹವನ್ನು ಗೋವಾಕ್ಕೆ ತರಲಾಯಿತು. ಆಗ ಅದು ಪೋರ್ಚುಗೀಸರ ದೊಡ್ಡ ರಾಜಧಾನಿ. ಆದರೆ ಮತ್ತೆ ಮತ್ತೆ ಬಂದ ಸಾಂಕ್ರಾಮಿಕ ರೋಗಗಳಿಗೆ ಹೆದರಿ ಜನ ಊರು ಬಿಟ್ಟರು. 1759ರಲ್ಲಿ ವೈಸ್‌ರಾಯ್ ಕೂಡ ಅಲ್ಲಿಂದ ವಾಸ ಬದಲಿಸಿದರು. 1843ರಲ್ಲಿ ಪಣಜಿ ರಾಜಧಾನಿಯಾಯಿತು. ಬೀದಿ, ಮನೆ, ಮಾರುಕಟ್ಟೆ ಎಲ್ಲ ಹೋಗಿ ಚರ್ಚುಗಳಷ್ಟೇ ಉಳಿದವು. ಆದರೂ ಪ್ರತಿ ವರ್ಷ ನವೆಂಬರ್ 24ರಿಂದ ನೊವೆನಾ ಆರಂಭವಾಗುತ್ತದೆ, ಡಿಸೆಂಬರ್ 3ರ ಹಬ್ಬಕ್ಕೆ ಆ ಖಾಲಿ ಊರು ತುಂಬಿಹೋಗುತ್ತದೆ. ಬೆಳಗಾವಿ ಕಡೆಯಿಂದ ನಡೆದೇ ಬರುವ ಭಕ್ತರಿದ್ದಾರೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಪವಿತ್ರ ಅವಶೇಷದ ಪ್ರದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ಇಲ್ಲಿ ಜನ ಊರು ಬಿಟ್ಟರು, ಹಬ್ಬ ಬಿಡಲಿಲ್ಲ.

ಇನ್ನು ಬೆತ್ಲೆಹೇಮ್. ಆ ಊರಲ್ಲಿ ಕ್ರಿಸ್‌ಮಸ್ ಮೂರು ಸಲ ಬರುತ್ತದೆ. ನಮ್ಮದು ಡಿಸೆಂಬರ್ 25, ಆರ್ಥೊಡಾಕ್ಸ್ ಸಭೆಯವರದು ಜನವರಿ 7, ಅರ್ಮೇನಿಯನ್ನರದು ಜನವರಿ 19. ಪಂಚಾಂಗ ಬೇರೆಬೇರೆ, ಕೂಸು ಒಂದೇ. ಯೇಸುಕ್ರಿಸ್ತರು ಹುಟ್ಟಿದ ಜಾಗದಲ್ಲಿ 4ನೇ ಶತಮಾನದಲ್ಲಿ ಕಟ್ಟಿದ ದೇವಾಲಯವನ್ನು 6ನೇ ಶತಮಾನದಲ್ಲಿ ಮತ್ತೆ ಕಟ್ಟಿದರು. ಅದರ ಬಾಗಿಲು ಎಷ್ಟು ಗಿಡ್ಡವೆಂದರೆ ದೊಡ್ಡವರು ಬಗ್ಗಿಯೇ ಒಳಗೆ ಹೋಗಬೇಕು. 2023ರಲ್ಲಿ ಗಾಜಾದ ಯುದ್ಧದಿಂದಾಗಿ ಅಲ್ಲಿ ದೀಪಾಲಂಕಾರ, ಮೆರವಣಿಗೆ, ಸಂಭ್ರಮ ಯಾವುದೂ ಇರಲಿಲ್ಲ. ಪ್ರವಾಸಿಗರೂ ಬರಲಿಲ್ಲ. ಅಲ್ಲಿನ ಒಂದು ಲೂಥರನ್ ಚರ್ಚಿನಲ್ಲಿ ಒಡೆದ ಕಟ್ಟಡದ ಕಲ್ಲುಗಳ ರಾಶಿಯ ಮಧ್ಯೆ ಬಾಲಯೇಸುವನ್ನು ಮಲಗಿಸಿದ್ದರು. ಆದರೆ ಪ್ರಾರ್ಥನೆ ನಿಲ್ಲಲಿಲ್ಲ. ಸಂಭ್ರಮ ಹೋದ ಮೇಲೂ ಹಬ್ಬದಲ್ಲಿ ಏನು ಉಳಿಯುತ್ತದೆ ಎಂಬುದು ಆ ವರ್ಷ ಕಂಡಿತು.

ಇದನ್ನೆಲ್ಲ ಓದುವಾಗ ನಮ್ಮ ಊರೇ ನೆನಪಾಯಿತು. ನಮ್ಮ ಓರಗೆಯವರು ಮೈಸೂರು, ಬೆಂಗಳೂರು, ಕೊಯಮತ್ತೂರು, ತಿರುಪ್ಪೂರಿನಲ್ಲಿ ದುಡಿಯುತ್ತಿದ್ದಾರೆ. ಹೋದ ಕ್ರಿಸ್‌ಮಸ್ ರಾತ್ರಿ ಗಾಯನ ತಂಡದಲ್ಲಿ ನಾವಿದ್ದದ್ದು ಏಳೇ ಜನ. ಗೋದಲಿ ಕಟ್ಟಲು ಹುಲ್ಲು ಹೊತ್ತು ತಂದವರು ನಮ್ಮ ಅಪ್ಪಂದಿರು. ರಜೆ ಸಿಕ್ಕ ಕೆಲವರು ಬೇರೆ ಊರಿನ ಕ್ರಿಸ್‌ಮಸ್ ನೋಡಲು ಹೋಗಿದ್ದರು. ಅವರನ್ನು ದೂರುತ್ತಿಲ್ಲ, ಅದರ ಹಿಂದಿನ ವರ್ಷ ನಾನೂ ಹೋಗಿದ್ದೆ. ಆದರೆ ಹಳೇ ಗೋವಾಕ್ಕೆ ವರ್ಷಕ್ಕೊಮ್ಮೆ ಜೀವ ಬರುವುದು ಜನ ಮರಳಿ ಬರುವುದರಿಂದ. ನಾವು ಮರಳಿ ಬಾರದಿದ್ದರೆ ನಮ್ಮ ಊರ ಹಬ್ಬ ನಡೆಸುವವರು ಯಾರು?

1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಬೆತ್ಲೆಹೇಮಿನ ಆ ರಾತ್ರಿಯನ್ನು ಕಣ್ಣಾರೆ ಕಾಣಬೇಕೆಂದು ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಹುಲ್ಲು ಹರಡಿ, ಎತ್ತು ಕತ್ತೆ ತರಿಸಿ, ಅಲ್ಲಿಯೇ ಬಲಿಪೂಜೆ ನಡೆಯುವಂತೆ ಮಾಡಿದರು. ಚಿಕ್ಕ ಊರಿನವರು ಬೆತ್ಲೆಹೇಮನ್ನು ತಮ್ಮಲ್ಲಿಗೇ ಕರೆಸಿಕೊಂಡ ಹಾಗಾಯಿತು.

ಆದ್ದರಿಂದ ನನ್ನ ಸಲಹೆ ಇಷ್ಟೇ. ದಸರಾಗೆ ಒಂದು ದಿನದ ಮಟ್ಟಿಗೆ ಮೈಸೂರಿಗೆ ಹೋಗಿಬರೋಣ. ಡಿಸೆಂಬರ್ 3ಕ್ಕೆ ಹಳೇ ಗೋವಾಕ್ಕೆ ಹೋಗೋಣ. ಕ್ರಿಸ್‌ಮಸ್‌ಗೆ ಮಾತ್ರ ಎಲ್ಲರೂ ತಾಳವಾಡಿಯಲ್ಲಿರೋಣ. ದೂರದಲ್ಲಿರುವ ಅಣ್ಣಂದಿರೇ, ಅಕ್ಕಂದಿರೇ, ರಜೆಗೆ ಈಗಲೇ ಕೇಳಿಡಿ. ಈ ಸಲ ಗೋದಲಿಯ ಹುಲ್ಲನ್ನು ಅಪ್ಪಂದಿರ ತಲೆಯ ಮೇಲಿಂದ ನಾವು ಇಳಿಸಿಕೊಳ್ಳೋಣ.

ದೇವರು ನಮ್ಮೆಲ್ಲರನ್ನೂ ಆಶೀರ್ವದಿಸಲಿ.